ಅಂಜಿದ ಶಿಷ್ಯನ ಕನಿಕರ (ಯೋಹಾನ 19:38-42)

ಯೋಹಾನ 19ನೇ ಅಧ್ಯಾಯ, 38ರಿಂದ 42ನೇ ವಚನ ತೆರೆಯಿರಿ. ಮೊಬೈಲಲ್ಲಿ ಓದೋರು ದಯವಿಟ್ಟು ವಾಟ್ಸಾಪ್ ಕಡೆ ಹೋಗಬೇಡಿ.

ಇಲ್ಲಿ ಅರಿಮಥಾಯದ ಯೋಸೇಫ ಬರ್ತಾನೆ. ಯೋಹಾನನು ಅವನ ಪರಿಚಯ ಹೇಗೆ ಮಾಡಿಸ್ತಾನೆ ನೋಡಿ. ಶಿಷ್ಯನೇ, ಆದರೆ ಗುಟ್ಟಾಗಿ. ಕಾರಣ ಭಯ. ಜೊತೆಗೆ ಬಂದ ನಿಕೊದೇಮನೂ ಅಷ್ಟೇ, 3ನೇ ಅಧ್ಯಾಯದಲ್ಲಿ ರಾತ್ರಿ ಹೊತ್ತಲ್ಲಿ ಯೇಸುವಿನ ಹತ್ತಿರ ಬಂದವನು. ಪ್ರಾಣ ಕೊಡ್ತೀನಿ ಅಂತ ದೊಡ್ಡ ಮಾತು ಆಡಿದ ಪೇತ್ರ ಈ ವಚನಗಳಲ್ಲಿ ಇಲ್ಲ. ಕರ್ತನ ದೇಹವನ್ನ ಕೈಯಲ್ಲಿ ಹಿಡಿದವರು ಈ ಇಬ್ಬರು ಅಂಜುಬುರುಕರು.

ಅವರಿಗೆ ಇದು ಸುಲಭದ ಕೆಲಸ ಅಲ್ಲ. ಅರಣ್ಯಕಾಂಡ 19:11ರ ಪ್ರಕಾರ ಹೆಣ ಮುಟ್ಟಿದವನು ಏಳು ದಿನ ಅಶುದ್ಧ. ಅವತ್ತೇ ಬೆಳಿಗ್ಗೆ, 18:28ರಲ್ಲಿ, ಯೇಸುವನ್ನ ಹಿಡಿದು ತಂದವರು ಪಿಲಾತನ ಅರಮನೆಯೊಳಗೆ ಕಾಲಿಡಲಿಲ್ಲ. ಯಾಕೆ? ಮೈಲಿಗೆಯಾದರೆ ಪಸ್ಕದ ಊಟ ತಪ್ಪುತ್ತೆ ಅಂತ. ಈ ಇಬ್ಬರು ಆ ಊಟ ಬಿಟ್ಟರು, ಹೆಸರು ಬಿಟ್ಟರು, ಯೋಸೇಫ ಹೋಗಿ ದೇಹ ಕೇಳಿದ. ನಿಕೊದೇಮ ತಂದ ಸುಗಂಧದ್ರವ್ಯ ಈಗಿನ ಲೆಕ್ಕದಲ್ಲಿ ಮೂವತ್ತು ಕೆ.ಜಿ.ಗಿಂತ ಹೆಚ್ಚು! ಅಷ್ಟನ್ನ ಗುಟ್ಟಾಗಿ ತರೋಕಾಗಲ್ಲ.

ಅಂಜಿಕೆಯಲ್ಲಿ ಹೆಣಕ್ಕೆ ಏನಾಗುತ್ತೆ ಅಂತ ಬಳ್ಳಾರಿಯವರಿಗೆ ಹೇಳಿಕೊಡಬೇಕಾಗಿಲ್ಲ. 2020ರ ಜೂನ್ 30, ನೆನಪಿದೆಯಾ? ನಿಮ್ಮಲ್ಲಿ ಕೆಲವರು ಆಗ ಇನ್ನೂ ಹೈಸ್ಕೂಲು. ಪಿಪಿಇ ಕಿಟ್ ಹಾಕಿದವರು ಕೊರೊನಾದಿಂದ ತೀರಿಕೊಂಡವರ ದೇಹಗಳನ್ನ ಎಳೆದು ತಂದು ಒಂದೇ ಗುಂಡಿಗೆ ಎಸೀತಿರೋ ವಿಡಿಯೋ. ನಮ್ಮ ಊರಿನ ವಿಡಿಯೋ. ದೇಶವೆಲ್ಲಾ ನೋಡಿತು. ಜಿಲ್ಲಾಧಿಕಾರಿಗಳು ಕ್ಷಮೆ ಕೇಳಿದರು, ಆ ತಂಡವನ್ನ ತೆಗೆದುಹಾಕಿದರು.

ನಾನೂ ಆ ವಿಡಿಯೋ ನೋಡಿ ಬೈದೆ. ಸ್ಟೇಟಸ್ಸೂ ಹಾಕಿದೆ. ಆದರೆ ಇವತ್ತು ನಾನು ಅವರ ವಿಷಯ ಹೇಳೋಕೆ ನಿಂತಿಲ್ಲ, ನನ್ನ ವಿಷಯ ಹೇಳ್ಬೇಕು.

ಅದಾಗಿ ಎರಡು ವಾರಕ್ಕೆ ಕುರುಗೋಡು ಕಡೆಯಿಂದ ಬಸ್ಸಲ್ಲಿ ಆರಾಧನೆಗೆ ಬರ್ತಿದ್ದ ಒಬ್ಬ ತಾಯಿ ತೀರಿಕೊಂಡರು. ಕೊರೊನಾನೇ. ಮಗ ಫೋನ್ ಮಾಡಿದ. "ಅಣ್ಣಾ, ಬರ್ತೀರಾ?" ಅಂದ. ನಾನು, "ನಾವು ಇಲ್ಲಿಂದಲೇ ಪ್ರಾರ್ಥನೆ ಮಾಡ್ತೀವಪ್ಪ, ದೇವರಿಗೆ ದೂರ ಅನ್ನೋದು ಇಲ್ಲ" ಅಂದೆ. ಎಷ್ಟು ಚೆನ್ನಾಗಿರೋ ಮಾತು! ಆ ಭಾನುವಾರ ಝೂಮಲ್ಲಿ ಪ್ರಸಂಗ ಮಾಡಿದ್ದು ಯಾವುದರ ಮೇಲೆ ಗೊತ್ತಾ? ಕೀರ್ತನೆ 91. ವಿಶ್ವಾಸಿಗೆ ಭಯ ಇರಬಾರದು ಅಂತ. ಸೈತಾನನು ಯೇಸುವನ್ನ ಶೋಧಿಸುವಾಗ ಹೇಳಿದ ವಾಕ್ಯವೂ ಅದೇ ಕೀರ್ತನೆಯದು, ಮತ್ತಾಯ 4:6. ಅವತ್ತು ನನಗೆ ಅದು ಹೊಳೆಯಲಿಲ್ಲ.

ಆಮೇಲೆ ಇನ್ನೊಂದು ತಿಳೀತು. ಕೇಂದ್ರ ಆರೋಗ್ಯ ಇಲಾಖೆ ಆ ವರ್ಷ ಮಾರ್ಚಿನಲ್ಲೇ ಮಾರ್ಗಸೂಚಿ ಕೊಟ್ಟಿತ್ತು. ದೇಹಕ್ಕೆ ಸ್ನಾನ ಮಾಡಿಸೋ ಹಾಗಿಲ್ಲ, ಅಪ್ಪಿಕೊಳ್ಳೋ ಹಾಗಿಲ್ಲ. ಆದರೆ ಚೀಲದ ಜಿಪ್ ತೆಗೆದು ಮನೆಯವರಿಗೆ ಮುಖ ತೋರಿಸಬಹುದು. ದೇಹ ಮುಟ್ಟದೆ ಧರ್ಮಗ್ರಂಥ ಓದಬಹುದು. ಓದಬಹುದಿತ್ತು, ಪ್ರಿಯರೇ. ಮಾಸ್ಕ್ ಹಾಕಿ, ದೂರ ನಿಂತು, ಎರಡು ವಚನ. ಎಚ್ಚರಿಕೆ ಬೇರೆ, ಭಯ ಬೇರೆ. ಎಚ್ಚರಿಕೆ ಇದ್ದವನು ಹೇಗೆ ಹೋಗಲಿ ಅಂತ ಕೇಳ್ತಾನೆ. ನಾನು ಹೇಗೆ ತಪ್ಪಿಸಿಕೊಳ್ಳಲಿ ಅಂತ ನೋಡಿದೆ, ಅದಕ್ಕೆ ನಂಬಿಕೆ ಅಂತ ಹೆಸರಿಟ್ಟೆ.

1 ಯೋಹಾನ 4:18 ನಮಗೆಲ್ಲಾ ಬಾಯಿಪಾಠ. ಪೂರ್ಣ ಪ್ರೀತಿ ಭಯವನ್ನ ಹೊರಗೆ ಹಾಕುತ್ತೆ ಅನ್ನೋ ವಚನ. ಇದನ್ನ ನಾವು ತಿರುಗಿಸಿ ಓದ್ತೀವಿ. ಮೊದಲು ಭಯ ಹೋಗಲಿ, ಅಭಿಷೇಕ ಬರಲಿ, ಆಮೇಲೆ ಪ್ರೀತಿ ಮಾಡ್ತೀನಿ ಅಂತ. ಆದರೆ ಹೊರಗೆ ಹಾಕೋರು ಮೊದಲು ಒಳಗೆ ಬರಬೇಕಲ್ಲ? ಯೋಸೇಫನ ಭಯ ಹೋಯ್ತು, ಆಮೇಲೆ ಪಿಲಾತನ ಹತ್ತಿರ ಹೋದ ಅಂತ ಎಲ್ಲೂ ಬರೆದಿಲ್ಲ. ಮಾರ್ಕ 15:43 ಅವನು ಧೈರ್ಯ ತಂದುಕೊಂಡು ಹೋದ ಅನ್ನುತ್ತೆ. ಅಂಜಿಕೆ ಇಲ್ಲದವನಿಗೆ ಧೈರ್ಯ ತಂದುಕೊಳ್ಳೋ ಕೆಲಸ ಏನಿದೆ?

ಈಗ ಕೊರೊನಾದ ಆ ದಿನಗಳಿಲ್ಲ. ಆದರೂ ನಮ್ಮ ಸಭೆಯಲ್ಲೇ ಡಿಪ್ರೆಶನ್ ಮಾತ್ರೆ ತಗೊಳ್ಳೋ ತಮ್ಮ ಅದನ್ನ ಬಚ್ಚಿಡ್ತಾನೆ, 'ನಂಬಿಕೆ ಕಡಿಮೆ' ಅಂತಾರೆ ಅಂತ. ಬಿದ್ದುಹೋದ ತಂಗಿಯ ಪಕ್ಕದಲ್ಲಿ ಕೂತರೆ ನಮ್ಮ ಸಾಕ್ಷಿ ಹಾಳಾಗುತ್ತೆ ಅಂತ ಕುರ್ಚಿ ಬದಲಾಯಿಸ್ತೀವಿ. ನಾನು ನೋಡಿದ್ದೀನಿ, ಸ್ಟೇಜ್ ಮೇಲಿಂದ ಎಲ್ಲಾ ಕಾಣುತ್ತೆ.

ಹೋದ ತಿಂಗಳು ಮೋತಿ ಸರ್ಕಲ್ ಹತ್ತಿರ ಆ ತಾಯಿಯ ಮಗ ಸಿಕ್ಕಿದ. ಅವನು ಈಗ ಯಾವ ಸಭೆಗೂ ಹೋಗಲ್ಲ. ಸಿಟ್ಟೇನೂ ಮಾಡಲಿಲ್ಲ. "ಅವತ್ತು ನಾನೇ ಓದಿದೆ ಅಣ್ಣಾ. ಯಾವ ಅಧ್ಯಾಯ ಓದ್ಬೇಕು ಅಂತ ಗೊತ್ತಿರ್ಲಿಲ್ಲ, ತೆರೆದಾಗ ಸಿಕ್ಕಿದ್ದು ಓದಿದೆ" ಅಂದ. ನಾನು ಕ್ಷಮೆ ಕೇಳ್ಬೇಕಿತ್ತು. ಬಸ್ ಬಂತು ಅಂತ ಹೇಳಿ ಹೊರಟುಬಿಟ್ಟೆ.

ಈ ಗುರುವಾರ ಸಂಜೆ ಅವನ ಮನೆಗೆ ಹೋಗ್ತಿದ್ದೀನಿ. ಪ್ರಸಂಗ ಮಾಡೋಕಲ್ಲ. ನನಗೆ ಇನ್ನೂ ಅಂಜಿಕೆ ಇದೆ, ಸುಳ್ಳು ಹೇಳಲ್ಲ. ಯೋಸೇಫನಿಗೂ ಒಬ್ಬ ನಿಕೊದೇಮ ಜೊತೆಗಿದ್ದ. ನಿಮ್ಮಲ್ಲಿ ಯಾರಾದರೂ ಬರೋರಿದ್ದರೆ ಕಡೇ ಪ್ರಾರ್ಥನೆ ಆದಮೇಲೆ ನನ್ನ ಹತ್ತಿರ ಬನ್ನಿ. ಈಗ ಎಲ್ಲರೂ ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ.