ಎರಡು ಸಿಂಗಾಪುರಗಳು: ಸ್ಥಳೀಯರ ಮತ್ತು ವಲಸಿಗರ ಆರ್ಥಿಕ ಸ್ಥಿತಿಯನ್ನು ಅಳೆಯುವ ಬಗೆ

ಬೆಂಗಳೂರಿನ ಉತ್ತರ ಭಾಗದಲ್ಲಿ, ವಿದ್ಯಾರಣ್ಯಪುರ ಮತ್ತು ಎಂ.ಎಸ್. ಪಾಳ್ಯಗಳ ನೆರೆಯಲ್ಲಿ, ಸಿಂಗಾಪುರ ಎಂಬ ಹೆಸರಿನ ಹಳ್ಳಿಯೊಂದಿದೆ. ಕೆರೆಯ ಆಶ್ರಯದಲ್ಲಿ ರಾಗಿ, ತರಕಾರಿ ಬೆಳೆಯುತ್ತಿದ್ದ ಯಲಹಂಕ ಸೀಮೆಯ ಅನೇಕ ಹಳ್ಳಿಗಳಂತೆ ಇದೂ ಬಡಾವಣೆಗಳ ನಡುವೆ ಸೇರಿಹೋಗಿದೆ. ಇದೇ ಹೆಸರಿನ ಇನ್ನೊಂದು ಊರು ಸಮುದ್ರದಾಚೆ ಒಂದು ದೇಶವೇ ಆಗಿದೆ. ಆ ದೇಶದ ಸಂವಿಧಾನದ 152ನೆಯ ವಿಧಿಯು ಮಲಯ ಜನಾಂಗದವರನ್ನು ಅಲ್ಲಿಯ ಮೂಲನಿವಾಸಿಗಳೆಂದು ಗುರುತಿಸಿ, ಅವರ ಹಿತರಕ್ಷಣೆಯನ್ನು ಸರ್ಕಾರದ ಹೊಣೆಯೆಂದು ಸಾರುತ್ತದೆ. ಆದರೆ 2020ರ ಜನಗಣತಿಯಂತೆ ಅಲ್ಲಿಯ ಖಾಯಂ ನಿವಾಸಿಗಳಲ್ಲಿ ಚೀನೀಯರು ಶೇ. 74.3, ಮಲಯರು ಶೇ. 13.5, ಭಾರತೀಯ ಮೂಲದವರು ಶೇ. 9.

ಹೆಸರಿನ ಸಾಮ್ಯ ಕೇವಲ ಆಕಸ್ಮಿಕ. ಆದರೆ ಎರಡೂ ಕಡೆ ಏಳುವ ಪ್ರಶ್ನೆ ಒಂದೇ: ನೆಲದ ಮೂಲ ಜನರು ಮತ್ತು ಹೊರಗಿನಿಂದ ಬಂದು ನೆಲೆಸಿದವರು, ಈ ಇಬ್ಬರಲ್ಲಿ ಆರ್ಥಿಕವಾಗಿ ಮುಂದಿರುವವರು ಯಾರು? 2024ರ ಜುಲೈ ತಿಂಗಳಿನಲ್ಲಿ ಕರ್ನಾಟಕ ಸರ್ಕಾರವು ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಸಂಪುಟದ ಒಪ್ಪಿಗೆ ನೀಡಿ, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದಾಗ, ಈ ಪ್ರಶ್ನೆ ವರ್ತಕರ ಮತ್ತು ಸಣ್ಣ ಕೈಗಾರಿಕೋದ್ಯಮಿಗಳ ಬಾಗಿಲಿಗೇ ಬಂದಿತು. ಪರ ವಿರೋಧದ ಮಾತುಗಳು ಹೇರಳವಾಗಿ ಕೇಳಿಬಂದವು. ಯಾವ ಅಳತೆಗೋಲಿನಿಂದ ಅಳೆಯಬೇಕೆಂಬ ವಿಚಾರ ಮಾತ್ರ ಹಿಂದೆ ಉಳಿಯಿತು.

ಯಾರು ಸ್ಥಳೀಯರು?

ಉತ್ತರ ಬೆಂಗಳೂರಿನಲ್ಲಿ ವಲಸೆಯು ಒಂದರ ಮೇಲೊಂದು ಪದರವಾಗಿ ಕುಳಿತಿದೆ. ತೋಟಗಾರಿಕೆಯಲ್ಲಿ ನಿಷ್ಣಾತರಾದ ತಿಗಳ ಸಮುದಾಯದವರು ಹಲವು ಶತಮಾನಗಳ ಹಿಂದೆ ತಮಿಳು ಸೀಮೆಯಿಂದ ಬಂದವರೆಂಬ ಪ್ರತೀತಿಯಿದೆ. ಆದರೆ ಬೆಂಗಳೂರಿನ ಕರಗವನ್ನು ನಡೆಸುವವರೇ ಅವರು. ಅವರನ್ನು ವಲಸಿಗರೆನ್ನುವವರು ಯಾರೂ ಇಲ್ಲ. ಸ್ವಾತಂತ್ರ್ಯಾನಂತರ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಸಂಸ್ಥೆಗಳು ಸ್ಥಾಪನೆಯಾಗಿ, ಜಾಲಹಳ್ಳಿಯ ಸುತ್ತ ನೂತನ ವಸತಿಗಳು ಎದ್ದವು. ತಾಂತ್ರಿಕ ಶಿಕ್ಷಣ ಪಡೆದಿದ್ದ ತಮಿಳರು, ಮಲಯಾಳಿಗಳು, ಆಂಧ್ರದವರು ಕನ್ನಡಿಗರೊಡನೆ ಅಲ್ಲಿ ಕೆಲಸಕ್ಕೆ ಸೇರಿದರು. ಜಾಲಹಳ್ಳಿಯ ಅಯ್ಯಪ್ಪ ದೇವಾಲಯವು ಈ ವಲಸೆಯ ಕುರುಹು. ಈ ನೌಕರರು ಗೃಹ ನಿರ್ಮಾಣ ಸಹಕಾರ ಸಂಘಗಳ ಮೂಲಕ ನಿವೇಶನ ಪಡೆದು ನೆಲೆ ನಿಂತರು. ಅವರ ಮೊಮ್ಮಕ್ಕಳಿಗೆ ಬೇರೆ ಊರೇ ಇಲ್ಲ.

ಯಶವಂತಪುರದ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ರಾಜಸ್ಥಾನ, ಗುಜರಾತ್, ತಮಿಳುನಾಡು, ಆಂಧ್ರ ಮೂಲದ ವ್ಯಾಪಾರಸ್ಥರು ಕನ್ನಡಿಗ ಮಂಡಿ ಮಾಲೀಕರ ಪಕ್ಕದಲ್ಲೇ ಗದ್ದುಗೆ ಹಾಕಿದರು. ಪೀಣ್ಯದಲ್ಲಿ ಯಂತ್ರಗಾರರು ಬಂದರು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹೆಬ್ಬಾಳದಿಂದ ಉತ್ತರಕ್ಕೆ ಗಗನಚುಂಬಿ ಕಟ್ಟಡಗಳೊಡನೆ ಬಿಹಾರ, ಒಡಿಶಾ, ಪಶ್ಚಿಮ ಬಂಗಾಳಗಳ ಕಟ್ಟಡ ಕಾರ್ಮಿಕರೂ, ಆ ಕಟ್ಟಡಗಳಲ್ಲಿ ವಾಸಿಸುವ ಮಾಹಿತಿ ತಂತ್ರಜ್ಞಾನದ ಉದ್ಯೋಗಿಗಳೂ ಬಂದರು. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷದಿಂದ 96 ಲಕ್ಷಕ್ಕೆ, ಅಂದರೆ ಶೇ. 47ರಷ್ಟು ಏರಿತು.

ಇವರೆಲ್ಲರನ್ನೂ ‘ವಲಸಿಗರು’ ಎಂಬ ಒಂದೇ ಚೀಲಕ್ಕೆ ಹಾಕಿ ಸರಾಸರಿ ತೆಗೆದರೆ ಬರುವ ಅಂಕಿಗೆ ಅರ್ಥವಿರುವುದಿಲ್ಲ. ಇನ್ನೊಂದು ತೊಡಕೂ ಇದೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಗಳಿಂದ ಬಂದು ತಗಡಿನ ಶೆಡ್ಡುಗಳಲ್ಲಿ ವಾಸಿಸುವ ಕೂಲಿಕಾರರು ಅಪ್ಪಟ ಕನ್ನಡಿಗರು. ಕಾನೂನಿನ ದೃಷ್ಟಿಯಲ್ಲಿ ಸ್ಥಳೀಯರು. ಜೀವನದ ದೃಷ್ಟಿಯಲ್ಲಿ ಅವರಷ್ಟು ದೂರದ ವಲಸಿಗರು ವಿರಳ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಹೇಳಿತು. ಆ ವರದಿಯ ಪಟ್ಟಿಯಲ್ಲಿ ಕಾಣುವ ಊರುಗಳ ಹೆಸರು ಯಲಹಂಕದ ಕಟ್ಟಡ ನಿವೇಶನಗಳಲ್ಲಿಯೂ ಕೇಳಿಬರುತ್ತವೆ.

ದ್ವೀಪ ರಾಷ್ಟ್ರದ ಲೆಕ್ಕ

ಸಿಂಗಾಪುರ ದೇಶವು ಜನಾಂಗವಾರು ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸುತ್ತದೆ. 2010ರ ಗಣತಿಯಲ್ಲಿ ದುಡಿಮೆಯಿಂದ ಬರುವ ಮಾಸಿಕ ಕುಟುಂಬ ಆದಾಯದ ಮಧ್ಯಾಂಕವು ಮಲಯರಲ್ಲಿ ಸುಮಾರು 3,800 ಸಿಂಗಾಪುರ ಡಾಲರ್, ಚೀನೀಯರಲ್ಲಿ 5,100 ಡಾಲರ್ ಇದ್ದಿತು. 2020ರಲ್ಲಿ ಅದು ಕ್ರಮವಾಗಿ ಸುಮಾರು 5,700 ಮತ್ತು 8,000 ಡಾಲರಿಗೆ ಏರಿತು. ಭಾರತೀಯ ಮೂಲದವರದು 8,500 ಡಾಲರ್. ಮಲಯರ ಆದಾಯ ಹತ್ತು ವರ್ಷಗಳಲ್ಲಿ ಒಂದೂವರೆ ಪಟ್ಟಿನಷ್ಟಾಗಿದೆ. ಆದರೂ ಚೀನೀಯರ ಆದಾಯದ ಮುಕ್ಕಾಲು ಪಾಲಿನಷ್ಟಿದ್ದುದು ಶೇ. 72ರ ಆಸುಪಾಸಿಗೆ ಇಳಿದಿದೆ. ಒಂದು ಸಮುದಾಯ ಏಳಿಗೆ ಹೊಂದುತ್ತಲೇ ಹಿಂದೆ ಬೀಳಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಭಾರತೀಯ ಮೂಲದವರ ಅಂಕಿಯನ್ನು ಓದುವಾಗಲೂ ಎಚ್ಚರ ಬೇಕು. ತಲೆಮಾರುಗಳ ಹಿಂದೆ ರಬ್ಬರ್ ತೋಟ, ಬಂದರುಗಳ ಕೂಲಿಗೆ ಹೋದವರ ವಂಶಸ್ಥರೂ, ಇತ್ತೀಚೆಗೆ ಬ್ಯಾಂಕು ಮತ್ತು ಸಾಫ್ಟ್‌ವೇರ್ ಹುದ್ದೆಗಳಿಗೆ ಹೋಗಿ ನೆಲೆಸಿದವರೂ ಅದರೊಳಗೆ ಒಟ್ಟಿಗೆ ಇದ್ದಾರೆ. ಹೊಸಬರ ಸಂಬಳ ಹಳಬರ ಬಡತನವನ್ನು ಮರೆಮಾಚುತ್ತದೆ.

ಅಳತೆಯ ಮೂರು ದೋಷಗಳು

ಮೊದಲನೆಯದು ವಯಸ್ಸಿನ ದೋಷ. ವಲಸೆ ಬರುವವರು ಬಹುಪಾಲು ದುಡಿಯುವ ವಯಸ್ಸಿನವರು. ಊಹೆಯ ಒಂದು ಲೆಕ್ಕವನ್ನು ತೆಗೆದುಕೊಳ್ಳಬಹುದು. ಸ್ಥಳೀಯ ಕುಟುಂಬವೊಂದರಲ್ಲಿ ಐವರಿದ್ದು, ಒಬ್ಬನೇ ತಿಂಗಳಿಗೆ 30,000 ರೂಪಾಯಿ ದುಡಿದರೆ ತಲಾ ಆದಾಯ 6,000 ರೂಪಾಯಿ. ಪಕ್ಕದ ಕೋಣೆಯಲ್ಲಿ ಹೊರ ರಾಜ್ಯದ ಮೂವರು ಯುವಕರು ತಲಾ 18,000 ದುಡಿಯುತ್ತಾರೆ. ಕಾಗದದ ಮೇಲೆ ವಲಸಿಗನು ಮೂರು ಪಟ್ಟು ಸಿರಿವಂತ. ಆದರೆ ಪ್ರತಿಯೊಬ್ಬನ ಹಿಂದೆ ಊರಿನಲ್ಲಿ ಮೂವರು ಅವಲಂಬಿತರಿದ್ದರೆ ಅದೇ ಹಣ ತಲೆಗೆ 4,500 ರೂಪಾಯಿಗೆ ಇಳಿಯುತ್ತದೆ.

ಎರಡನೆಯದು, ಸೋತವರು ಲೆಕ್ಕಕ್ಕೆ ಸಿಗದಿರುವುದು. ವ್ಯಾಪಾರ ಕೈಹತ್ತದೆ ಅಥವಾ ಕೆಲಸ ದೊರೆಯದೆ ಊರಿಗೆ ಮರಳಿದ ವಲಸಿಗನು ಬೆಂಗಳೂರಿನ ಯಾವ ಸಮೀಕ್ಷೆಯಲ್ಲೂ ಇರುವುದಿಲ್ಲ. ಗೆದ್ದವನು ಮಾತ್ರ ಕಣ್ಣಿಗೆ ಬೀಳುತ್ತಾನೆ. ಸೋತ ಸ್ಥಳೀಯನಾದರೋ ಇಲ್ಲಿಯೇ ಇರುತ್ತಾನೆ. ‘ಹೊರಗಿನಿಂದ ಬಂದವರೆಲ್ಲ ಉದ್ಧಾರವಾದರು’ ಎಂಬ ಮಾತು ಹುಟ್ಟುವುದು ಬಹುಮಟ್ಟಿಗೆ ಇದರಿಂದಲೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ಆದಾಯವನ್ನೂ ಆಸ್ತಿಯನ್ನೂ ಬೆರೆಸುವುದು. ಸ್ಥಳೀಯನ ಬಂಡವಾಳ ಭೂಮಿ. ವಲಸಿಗನ ಬಂಡವಾಳ ಕಸುಬು, ಅಥವಾ ತನ್ನವರ ನಡುವೆ ದೊರೆಯುವ ಸಾಲ ಮತ್ತು ನಂಬಿಕೆ. ಕಸುಬು ಪ್ರತಿ ತಿಂಗಳೂ ಫಲ ಕೊಡುತ್ತದೆ. ಭೂಮಿಯನ್ನು ಮಾರಿದರೆ ಫಲ ಒಂದೇ ಬಾರಿ.

ಭೂಮಿ ಮಾರಿದ ಹಣ ಎಲ್ಲಿ ಹೋಯಿತು?

ಯಲಹಂಕ, ಹೆಬ್ಬಾಳ, ಸಿಂಗಾಪುರಗಳ ಸುತ್ತಿನ ಒಕ್ಕಲು ಕುಟುಂಬಗಳ ಕಥೆ ಇಲ್ಲಿಯೇ ಅಡಗಿದೆ. ಒಂದಿಷ್ಟು ಜಮೀನು ಸರ್ಕಾರಿ ಯೋಜನೆಗಳಿಗೆ ಸ್ವಾಧೀನವಾಯಿತು. 1894ರ ಹಳೆಯ ಕಾಯಿದೆಯಡಿ ದೊರೆತ ಪರಿಹಾರ ಪೇಟೆಯ ಧಾರಣೆಗೆ ಸಮನಾಗಿರಲಿಲ್ಲವೆಂಬುದು ಸರ್ವವಿದಿತ. 2014ರ ಜನವರಿಯಿಂದ ಹೊಸ ಕಾಯಿದೆ ಜಾರಿಗೆ ಬರುವ ಹೊತ್ತಿಗೆ ಬಹಳಷ್ಟು ನೆಲ ಕೈಬಿಟ್ಟಿತ್ತು. ಇನ್ನೊಂದಿಷ್ಟು ಜಮೀನು ಮಧ್ಯವರ್ತಿಗಳ ಮೂಲಕ, ಜನರಲ್ ಪವರ್ ಆಫ್ ಅಟಾರ್ನಿಯ ಕಾಗದದ ಮೇಲೆ, ಕಂದಾಯ ನಿವೇಶನಗಳಾಗಿ ಹಂಚಿಹೋಯಿತು. 2020ರ ತಿದ್ದುಪಡಿಯವರೆಗೆ ಭೂ ಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ನಿರ್ಬಂಧಿಸಿದ್ದವು. ರೈತನನ್ನು ರಕ್ಷಿಸಬೇಕಾಗಿದ್ದ ಈ ನಿರ್ಬಂಧವು ಎಷ್ಟೋ ಕಡೆ ನೇರ ಖರೀದಿದಾರನನ್ನು ದೂರವಿಟ್ಟು ದಲ್ಲಾಳಿಗೆ ಹಾದಿ ಮಾಡಿಕೊಟ್ಟಿತೆನ್ನದೆ ವಿಧಿಯಿಲ್ಲ. ಎಕರೆಯ ದರದಲ್ಲಿ ಕೊಂಡದ್ದನ್ನು ಚದರಡಿಯ ದರದಲ್ಲಿ ಮಾರಿದವನಿಗೆ ಲಾಭ ಸಂದಿತು.

ಹೀಗೆ ತಲಾ ಒಂದು ಕೋಟಿ ರೂಪಾಯಿ ಪಡೆದ ಇಬ್ಬರು ಅಣ್ಣತಮ್ಮಂದಿರನ್ನು ಊಹಿಸಿಕೊಳ್ಳಬಹುದು. ಅಣ್ಣನು 50 ಲಕ್ಷಕ್ಕೆ ಮನೆ ಕಟ್ಟಿಸಿ, ಮಗಳ ಮದುವೆಗೂ ಕಾರಿಗೂ 30 ಲಕ್ಷ ವೆಚ್ಚ ಮಾಡಿ, ಉಳಿದ 20 ಲಕ್ಷವನ್ನು ಶೇ. 7ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ 1,40,000, ತಿಂಗಳಿಗೆ ಸುಮಾರು 11,700 ರೂಪಾಯಿ ಬರುತ್ತದೆ. ತಮ್ಮನು ಒಂದು ನಿವೇಶನವನ್ನು ಉಳಿಸಿಕೊಂಡು, 60 ಲಕ್ಷ ತೊಡಗಿಸಿ, ಹತ್ತು ಪುಟ್ಟ ಮನೆಗಳ ವಠಾರ ಕಟ್ಟಿಸಿ ತಲಾ 6,000 ರೂಪಾಯಿ ಬಾಡಿಗೆಗೆ ಕೊಟ್ಟನೆನ್ನೋಣ. ತೆರಿಗೆ, ದುರಸ್ತಿ, ಖಾಲಿ ಉಳಿಯುವ ತಿಂಗಳುಗಳೆಂದು ಐದನೆಯ ಒಂದು ಪಾಲು ಕಳೆದರೂ ತಿಂಗಳಿಗೆ 48,000 ರೂಪಾಯಿ ಕೈಸೇರುತ್ತದೆ. ಅಣ್ಣತಮ್ಮಂದಿರು ಇಬ್ಬರೂ ಸ್ಥಳೀಯರು, ಪಡೆದ ಹಣವೂ ಒಂದೇ. ಆದಾಯದ ಅಂತರ ನಾಲ್ಕು ಪಟ್ಟು.

ತಮ್ಮನ ಬಾಡಿಗೆದಾರರು ಯಾರು? ಪೀಣ್ಯದ ಲೇತ್ ಯಂತ್ರದ ಕೆಲಸಗಾರ, ಗೊರಗುಂಟೆಪಾಳ್ಯದ ಸಿದ್ಧ ಉಡುಪು ಕಾರ್ಖಾನೆಯ ದಂಪತಿ, ಕಟ್ಟಡದ ಮೇಸ್ತ್ರಿ. ಬಹುತೇಕ ಎಲ್ಲರೂ ಹೊರಗಿನಿಂದ ಬಂದವರು. 25,000 ದುಡಿಯುವ ಯಂತ್ರಗಾರನು 6,000 ಬಾಡಿಗೆ ಕೊಟ್ಟು, 8,000 ಊರಿಗೆ ಕಳುಹಿಸಿದರೆ ಇಲ್ಲಿ ಉಣ್ಣಲು, ಉಡಲು ಉಳಿಯುವುದು 11,000 ರೂಪಾಯಿ. ಕಾರ್ಖಾನೆಯ ಸಂಬಳದ ಪಟ್ಟಿಯಲ್ಲಿ ಅವನ ಹೆಸರಿದೆ; ಬಾಡಿಗೆ ಪಡೆಯುವವನ ಹೆಸರು ಎಲ್ಲಿಯೂ ಇಲ್ಲ. ಸಂಬಳದ ಅಂಕಿಯನ್ನು ಮಾತ್ರ ನೋಡುವ ಸಮೀಕ್ಷೆಯು ಇವರಿಬ್ಬರಲ್ಲಿ ಯಂತ್ರಗಾರನನ್ನೇ ಅನುಕೂಲಸ್ಥನೆಂದು ತೋರಿಸುತ್ತದೆ.

ಭೂಮಿಯೇ ಇಲ್ಲದಿದ್ದ ಸ್ಥಳೀಯರ ಪಾಡು ಬೇರೆ. ಹಳ್ಳಿಗಳ ಆದಿ ಕರ್ನಾಟಕ, ಭೋವಿ ಮುಂತಾದ ಸಮುದಾಯಗಳ ಕೂಲಿ ಕುಟುಂಬಗಳಿಗೆ ಜಮೀನು ಮಾರಾಟದಿಂದ ಕಾಸೂ ಬರಲಿಲ್ಲ. ಬೇಸಾಯ ನಿಂತು ಕೂಲಿಯೂ ಹೋಯಿತು. ಹೊಸ ಬಡಾವಣೆಗಳಲ್ಲಿ ಮನೆಗೆಲಸ, ಕಾವಲು, ಆಟೋ ಚಾಲನೆ ದೊರೆತರೂ ಅಲ್ಲಿ ಅವರು ಪೈಪೋಟಿ ನಡೆಸಬೇಕಾದುದು ಅತ್ಯಂತ ಬಡ ವಲಸಿಗನೊಡನೆ. ಸ್ಥಳೀಯರ ಪರವಾಗಿ ಆಡುವ ಮಾತುಗಳಲ್ಲಿ ಇವರ ಪ್ರಸ್ತಾಪ ಅಪರೂಪ.

ಕಾನೂನಿನ ಹಾದಿ

ಈ ವಿವಾದ ಹೊಸದಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ ಮದರಾಸಿನಿಂದ ಬಂದ ಅಧಿಕಾರಿಗಳ ವಿರುದ್ಧ ‘ಮೈಸೂರು ಮೈಸೂರಿನವರಿಗೆ’ ಎಂಬ ಕೂಗೆದ್ದಿತ್ತು. ಡಾ. ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ವರದಿ ನೀಡಿತು. ಅಮೆರಿಕದ ವಿದ್ವಾಂಸ ಮೈರನ್ ವೀನರ್ ಭಾರತದ ಇಂತಹ ಚಳವಳಿಗಳನ್ನು ಕುರಿತು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸ್ಥಳೀಯರಲ್ಲಿ ವಿದ್ಯಾವಂತ ಮಧ್ಯಮ ವರ್ಗವೊಂದು ಬೆಳೆದು ವಲಸಿಗರ ಕೈಯಲ್ಲಿರುವ ಹುದ್ದೆಗಳನ್ನೇ ಬಯಸತೊಡಗಿದಾಗ ಘರ್ಷಣೆ ಹುಟ್ಟುತ್ತದೆಂದು ತೋರಿಸಿದನು. ಬಡತನ ಮಾತ್ರವೇ ಅದರ ಕಾರಣವಲ್ಲ.

2024ರ ಮಸೂದೆಯು ಆಡಳಿತ ಹುದ್ದೆಗಳಲ್ಲಿ ಶೇ. 50, ಇತರ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆಂದು ಸೂಚಿಸಿತ್ತು. ಕರ್ನಾಟಕದಲ್ಲಿ ಜನಿಸಿ, 15 ವರ್ಷ ವಾಸವಿದ್ದು, ಕನ್ನಡವನ್ನು ಓದಿ, ಬರೆದು, ಮಾತನಾಡಬಲ್ಲವನು ಸ್ಥಳೀಯ. ಈ ವ್ಯಾಖ್ಯೆಯಂತೆ, ಎರಡು ವರ್ಷದ ಮಗುವಾಗಿ ತಂದೆಯೊಡನೆ ಜಾಲಹಳ್ಳಿಗೆ ಬಂದು ಐವತ್ತು ವರ್ಷ ಇಲ್ಲಿಯೇ ಬಾಳಿ, ಸೊಗಸಾಗಿ ಕನ್ನಡ ಬರೆಯುವವನೂ ಹೊರಗಿನವನೇ. ಹರಿಯಾಣದಲ್ಲಿ ಶೇ. 75 ಮೀಸಲಿಟ್ಟ ಇಂತಹುದೇ ಕಾಯಿದೆಯನ್ನು ಅಲ್ಲಿಯ ಉಚ್ಚ ನ್ಯಾಯಾಲಯ 2023ರ ನವೆಂಬರ್‌ನಲ್ಲಿ ಅಸಾಂವಿಧಾನಿಕವೆಂದು ರದ್ದುಪಡಿಸಿತು. ಮಲೇಷಿಯಾದಲ್ಲಿ 1970ರಲ್ಲಿ ಕಂಪೆನಿಗಳ ಷೇರು ಬಂಡವಾಳದಲ್ಲಿ ಮೂಲನಿವಾಸಿಗಳ ಪಾಲು ಶೇ. 2.4 ಮಾತ್ರವಿತ್ತು, ಅದನ್ನು 1990ರೊಳಗೆ ಶೇ. 30ಕ್ಕೆ ಏರಿಸಲು 1971ರಲ್ಲಿ ಹೊಸ ಆರ್ಥಿಕ ನೀತಿ ತಂದರು. ಗಡುವಿನ ವೇಳೆಗೆ ಸಾಧಿಸಿದ್ದು ಶೇ. 19ರಷ್ಟು. ಸಾಧನೆ ಅಲ್ಪವಲ್ಲ, ಆದರೆ ಪರವಾನಗಿ, ಗುತ್ತಿಗೆಗಳ ಮೂಲಕ ಹರಿದ ಲಾಭ ಕೆಲವೇ ಪ್ರಭಾವಿಗಳಲ್ಲಿ ನಿಂತಿತೆಂಬ ಟೀಕೆ ಅಲ್ಲಿಯವರಿಂದಲೇ ಬಂದಿದೆ.

ವರ್ತಕರ ಲೆಕ್ಕದ ಪುಸ್ತಕದಲ್ಲಿ

ವಲಸಿಗರಿಲ್ಲದಿದ್ದರೆ ಏನಾಗುತ್ತದೆಂಬುದನ್ನು 2020ರ ಮೇ ತಿಂಗಳು ತೋರಿಸಿತು. ಕಾರ್ಮಿಕರನ್ನು ಊರಿಗೆ ಒಯ್ಯುವ ವಿಶೇಷ ರೈಲುಗಳನ್ನು ರಾಜ್ಯ ಸರ್ಕಾರ ಕಟ್ಟಡ ನಿರ್ಮಾಪಕರೊಡನೆ ಸಭೆ ನಡೆಸಿದ ಬಳಿಕ ರದ್ದುಪಡಿಸಿ, ಟೀಕೆ ಬಂದ ಮೇಲೆ ಮತ್ತೆ ಓಡಿಸಿತು. ಕಾರ್ಮಿಕರು ಹೊರಟುಹೋದಾಗ ವಠಾರಗಳು ಖಾಲಿಯಾದವು. ಕಿರಾಣಿ ಅಂಗಡಿಗಳ ಉದ್ದರಿ ಪುಸ್ತಕಗಳಲ್ಲಿ ಬಾಕಿ ಹಾಗೆಯೇ ಉಳಿಯಿತು. ವಲಸಿಗನ ನಷ್ಟವು ಸ್ಥಳೀಯನ ನಷ್ಟವೂ ಆದುದನ್ನು ಲೆಕ್ಕಿಸಲು ಯಾವ ಸಮೀಕ್ಷೆಯೂ ಬೇಕಾಗಲಿಲ್ಲ.

ಸ್ಥಳೀಯ ಯುವಕರು ಯಂತ್ರದ ಮುಂದೆ ನಿಲ್ಲಲು ಒಪ್ಪುವುದಿಲ್ಲವೆಂಬ ದೂರು ಪೀಣ್ಯದಲ್ಲಿ ಸಾಮಾನ್ಯ. ಅದರಲ್ಲಿ ಸತ್ಯಾಂಶವಿದ್ದರೂ ದೂರು ಪೂರ್ಣವಲ್ಲ. ಸ್ವಂತ ಮನೆಯಿದ್ದು ಬಾಡಿಗೆಯ ಭಾರವಿಲ್ಲದವನು ಹನ್ನೆರಡು ಗಂಟೆಯ ಪಾಳಿಯನ್ನು ನಿರಾಕರಿಸಬಲ್ಲನು, ಹೊರಗಿನವನು ನಿರಾಕರಿಸಲಾರನು. ಮಾಲೀಕನಿಗೆ ಅಗ್ಗವಾಗಿ ಕಾಣುವುದು ವಲಸಿಗನ ಈ ಅಸಹಾಯಕತೆ. ಅಪ್ರೆಂಟಿಸ್ ಕಾಯಿದೆಯ 2019ರ ನಿಯಮಗಳಂತೆ 30 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶೇ. 2.5ರಿಂದ 15ರಷ್ಟು ತರಬೇತಿದಾರರನ್ನು ತೆಗೆದುಕೊಳ್ಳಬೇಕು. ಭೂಮಿ ಮಾರಿದ ಕುಟುಂಬದ ಮಗನಿಗೂ, ಭೂಮಿಯೇ ಇಲ್ಲದಿದ್ದ ಕುಟುಂಬದ ಮಗಳಿಗೂ ಕಸುಬೆಂಬ ಬಂಡವಾಳ ದೊರೆಯುವ ಹತ್ತಿರದ ದಾರಿ ಇದು. ಸಣ್ಣ ಘಟಕಗಳು ಕಡ್ಡಾಯಕ್ಕೆ ಒಳಪಡದಿದ್ದರೂ ಸ್ವಇಚ್ಛೆಯಿಂದ ಸೇರಿಸಿಕೊಳ್ಳಬಹುದು.

ತಮ್ಮ ಕಾರ್ಖಾನೆಯ ಅಥವಾ ಮಂಡಿಯ ಮಟ್ಟಿಗೆ ಈ ಹೋಲಿಕೆಯನ್ನು ಮಾಡಿ ನೋಡಬಯಸುವವರು ನೌಕರರ ಒಪ್ಪಿಗೆ ಪಡೆದು ಸಂಬಳದ ಪಟ್ಟಿಗೆ ಐದು ಕಲಮುಗಳನ್ನು ಸೇರಿಸಿದರೆ ಸಾಕು: ಬೆಂಗಳೂರಿನಲ್ಲಿ ಎಷ್ಟು ವರ್ಷ, ಸ್ವಂತ ಮನೆಯೋ ಬಾಡಿಗೆಯೋ, ಸಂಬಳವಲ್ಲದೆ ಬೇರೆ ವರಮಾನವೆಷ್ಟು, ಊರಿಗೆ ಕಳುಹಿಸುವ ಹಣವೆಷ್ಟು, ಆ ಸಂಬಳದಲ್ಲಿ ಉಣ್ಣುವ ಬಾಯಿಗಳೆಷ್ಟು. ಇಪ್ಪತ್ತು ಮಂದಿಯಿರುವ ಘಟಕದಲ್ಲಿ ಇದು ಒಂದು ಮಧ್ಯಾಹ್ನದ ಕೆಲಸ. ಮೂಲಸ್ಥಳದ ಪ್ರಕಾರ ಪಟ್ಟಿಯನ್ನು ಒಮ್ಮೆ, ಮನೆಯಿದ್ದವರು ಇಲ್ಲದವರೆಂದು ಇನ್ನೊಮ್ಮೆ ವಿಂಗಡಿಸಿದಾಗ ಯಾವ ವಿಂಗಡಣೆಯಲ್ಲಿ ಅಂತರ ಹೆಚ್ಚು ಎಂಬುದು ಅಂಕಿಗಳಲ್ಲಿಯೇ ಕಾಣುತ್ತದೆ.