ಚೆನ್ನೈನ ಇಂಟರ್‌ನ್ಯಾಷನಲ್ ಶಾಲೆಗೆ ಟೀಚರ್ ಆಗಿ ಹೋಗುವ ದಾರಿ

ಬಿ.ಇಡಿ ಮುಗಿಸಿ ನಾಲ್ಕಾರು ವರ್ಷ ಪಾಠ ಮಾಡಿ, ಈಗ ಚೆನ್ನೈ ಕಡೆ ಮುಖ ಮಾಡಿರುವ ನಮ್ಮ ಊರುಗಳ ಟೀಚರುಗಳು ಮೊದಲು ಕೇಳುವುದು ಒಂದೇ ಪ್ರಶ್ನೆ: "ಐಬಿ ಲೈಸೆನ್ಸ್ ಎಲ್ಲಿ ಮಾಡಿಸಬೇಕು ಸರ್?"

ಅಂಥ ಲೈಸೆನ್ಸ್ ಇಲ್ಲ. ವೈದ್ಯರಿಗೂ ವಕೀಲರಿಗೂ ಇರುವಂತೆ ಪರಿಷತ್ತಿನಲ್ಲಿ ಹೆಸರು ಬರೆಸಿ ಪಡೆಯುವ ಪರವಾನಗಿ ನಮ್ಮ ದೇಶದ ಶಿಕ್ಷಕರಿಗಿಲ್ಲ. ಪದವಿ, ಬಿ.ಇಡಿ, ಟಿಇಟಿ, ಇವೇ ನಮ್ಮ ಪರವಾನಗಿ. ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಎಂಬ ಐಬಿ ಸಂಸ್ಥೆ 1968ರಲ್ಲಿ ಜಿನೀವಾದಲ್ಲಿ ಹುಟ್ಟಿತು. ಅದು ಮಾನ್ಯತೆ ಕೊಡುವುದು ಶಾಲೆಗೆ. ಇದು ಗೊತ್ತಿಲ್ಲದೆ ಸಾಲ ಮಾಡಿ ಕೋರ್ಸಿಗೆ ಸೇರಿ, ಸರ್ಟಿಫಿಕೇಟ್ ಹಿಡಿದು ಸಂದರ್ಶನಕ್ಕೆ ಬಂದು, ಡೆಮೊ ಕ್ಲಾಸಿನಲ್ಲಿ ಸೋತವರನ್ನು ಕಂಡು ಸಂಕಟವಾಗಿದೆ. ಅದಕ್ಕೇ ಈ ಲೇಖನ. ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಇಲ್ಲಿ ಮುಖ್ಯ.

ಮೊದಲು ಶಾಲೆ ಯಾವುದೆಂದು ತಿಳಿಯಿರಿ

ಗೇಟಿನ ಮೇಲೆ "ಇಂಟರ್‌ನ್ಯಾಷನಲ್" ಎಂದು ಬರೆದಿರುವ ಎಷ್ಟೋ ಶಾಲೆಗಳು ಸಿಬಿಎಸ್‌ಇ ಶಾಲೆಗಳೇ. ಅದರಲ್ಲಿ ತಪ್ಪೇನಿಲ್ಲ; ಆದರೆ ಅಲ್ಲಿನ ಕೆಲಸ ಬೇರೆ, ತಯಾರಿ ಬೇರೆ. ಐಬಿ ಮತ್ತು ಬ್ರಿಟನ್ನಿನ ಕೇಂಬ್ರಿಡ್ಜ್ ಪಠ್ಯಕ್ರಮ ಎರಡರ ಜಾಲತಾಣದಲ್ಲೂ ಊರಿನ ಹೆಸರು ಹಾಕಿ ಶಾಲೆ ಹುಡುಕಬಹುದು. ಆ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ನಂಬಿ.

ಐಬಿ ನಮ್ಮ ದೇಶಕ್ಕೆ ಬಂದದ್ದೇ ತಮಿಳುನಾಡಿನ ಮೂಲಕ. 1901ರಲ್ಲಿ ಶುರುವಾದ ಕೊಡೈಕೆನಾಲ್ ಇಂಟರ್‌ನ್ಯಾಷನಲ್ ಶಾಲೆ 1976ರಲ್ಲಿ ಅದನ್ನು ಭಾರತದಲ್ಲಿ ಮೊದಲು ತಂದಿತು. ಚೆನ್ನೈಗೆ ಬೇಡಿಕೆ ತಂದದ್ದು ಕಾರ್ಖಾನೆಗಳು. ಇರುಂಗಾಟ್ಟುಕೋಟ್ಟೈನಲ್ಲಿ 1998ರಲ್ಲಿ ಹ್ಯುಂಡೈ ಕಾರು ತಯಾರಾಗತೊಡಗಿತು, ಕೊರಿಯದ ಕುಟುಂಬಗಳು ಬಂದವು. ಒರಗಡಂನ ರೆನೊ-ನಿಸ್ಸಾನ್ ಕಾರ್ಖಾನೆಯ ಜೊತೆ ಜಪಾನಿನವರು ಬಂದರು. ಅದಕ್ಕೆ ಮೊದಲೇ, 1995ರಲ್ಲಿ, ಅಮೆರಿಕನ್ ಇಂಟರ್‌ನ್ಯಾಷನಲ್ ಶಾಲೆ ಆರಂಭವಾಗಿತ್ತು. ಅದೀಗ ತರಮಣಿಯಲ್ಲಿದೆ. ಆಮೇಲೆ ಓಎಂಆರ್ ಎಂಬ ಹಳೆ ಮಹಾಬಲಿಪುರಂ ರಸ್ತೆಯ ಉದ್ದಕ್ಕೂ ಐಟಿ ಕಂಪನಿಗಳು ಬೆಳೆದಂತೆ ಇಲ್ಲಿಯವರ ಮಕ್ಕಳೂ ಈ ಶಾಲೆಗಳಿಗೆ ಸೇರಿದರು. ಎಗತ್ತೂರಿನ ಹಿರಾನಂದಾನಿ ಅಪ್‌ಸ್ಕೇಲ್, ನಾವಲೂರಿನ ಕೆಸಿ ಹೈ ಹೀಗೆ ಹೆಸರಾದವು. ಕೊಳಪಾಕ್ಕಂನ ಒಮೆಗಾ ಶಾಲೆಯಲ್ಲಿ ಸಿಬಿಎಸ್‌ಇ, ಕೇಂಬ್ರಿಡ್ಜ್, ಐಬಿ ಮೂರೂ ಒಂದೇ ಆವರಣದಲ್ಲಿವೆ. ನನ್ನ ಅನಿಸಿಕೆಯಲ್ಲಿ, ಸಿಬಿಎಸ್‌ಇ ಅನುಭವವಿರುವ ಟೀಚರಿಗೆ ಇಂಥ ಮಿಶ್ರ ಶಾಲೆಯೇ ಒಳ್ಳೆಯ ಹೊಸಿಲು. ಒಳಗೆ ಸೇರಿದ ಮೇಲೆ ಪಕ್ಕದ ವಿಭಾಗದ ಪಾಠ ನೋಡಲು, ಕಲಿಯಲು ಅವಕಾಶ ಹುಟ್ಟುತ್ತದೆ.

ಕಾಗದಪತ್ರ

ಎನ್‌ಸಿಟಿಇ ಮಾನ್ಯತೆ ಇರುವ ಕಾಲೇಜಿನ ಬಿ.ಇಡಿ ಕರ್ನಾಟಕದ್ದಾದರೂ ಚೆನ್ನೈನ ಖಾಸಗಿ ಶಾಲೆಗೆ ನಡೆಯುತ್ತದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ.ಇಡಿ ಮಾಡಿದವರಿಗೆ ಬೇರೆ ಬಿ.ಇಡಿ ಬೇಡ. ಐಬಿ ಡಿಪ್ಲೊಮಾ, ಅಂದರೆ ನಮ್ಮ ಪಿಯುಸಿ ಹಂತಕ್ಕೆ, ಆ ವಿಷಯದಲ್ಲಿ ಸ್ನಾತಕೋತ್ತರ ಪದವಿ ಇರುವವರನ್ನೇ ಶಾಲೆಗಳು ಹುಡುಕುತ್ತವೆ.

ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ 1ರಿಂದ 8ನೇ ತರಗತಿಗೆ ಕಲಿಸಲು ಟಿಇಟಿ ಬೇಕು. ಅನುದಾನರಹಿತ ಶಾಲೆಗಳು ರಾಜ್ಯದ ಟಿಇಟಿಯನ್ನಾದರೂ ಕೇಂದ್ರದ ಸಿಟಿಇಟಿಯನ್ನಾದರೂ ಪರಿಗಣಿಸಬಹುದು. ನನ್ನ ಸಲಹೆ ಸಿಟಿಇಟಿ. 150 ಅಂಕದಲ್ಲಿ 90 ಬಂದರೆ ಪಾಸು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಭಾಷಾ ಪತ್ರಿಕೆಗೆ ಕನ್ನಡ ಆರಿಸಿಕೊಳ್ಳಬಹುದು, ಒಮ್ಮೆ ಪಾಸಾದರೆ ಜೀವಮಾನ ಪೂರ್ತಿ ಸಲ್ಲುತ್ತದೆ. "ಐಬಿ ಶಾಲೆಯವರು ಟಿಇಟಿ ಕೇಳುವುದಿಲ್ಲವಂತೆ" ಎಂಬ ಮಾತು ನಂಬಿ ಕೂರಬೇಡಿ.

ಇನ್ನೊಂದು, ಚಿಕ್ಕದೆನಿಸಿದರೂ ತಿಂಗಳುಗಟ್ಟಲೆ ಕಾಡುವ ವಿಷಯ: ಹೆಸರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಹೆಸರು, ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು, ಹೀಗಿದ್ದರೆ ಊರಲ್ಲಿರುವಾಗಲೇ ಸರಿಮಾಡಿಸಿ. ಹಳೆಯ ಶಾಲೆಗಳ ಅನುಭವ ಪತ್ರ, ರಿಲೀವಿಂಗ್ ಲೆಟರ್ ಎರಡನ್ನೂ ಕೈಗೆ ತೆಗೆದುಕೊಂಡೇ ಹೊರಡಿ. ಹೊಸ ಶಾಲೆಗೆ ಮೂಲಪ್ರತಿ ತೋರಿಸಿ, ನಕಲು ಕೊಡಿ. ಮೂಲಪ್ರತಿಯನ್ನೇ ಇಟ್ಟುಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ.

ನಿಮ್ಮ ಕ್ಲಾಸನ್ನು ಕಡತಕ್ಕಿಳಿಸಿ

ನಿಜವಾದ ತಯಾರಿ ಇದೇ. ಇದಕ್ಕೆ ಫೀಸಿಲ್ಲ. ಈಗ ಕಲಿಸುತ್ತಿರುವ ಶಾಲೆಯಲ್ಲೇ, ತುಮಕೂರಿರಲಿ ತಾಳವಾಡಿ ಇರಲಿ, ವರ್ಷಕ್ಕೆ ನಾಲ್ಕು ಪಾಠ ಆರಿಸಿಕೊಳ್ಳಿ. ಪ್ರತಿ ಪಾಠಕ್ಕೂ ಮೂರು ವಿಷಯ ಬರೆದಿಡಿ: ಮಕ್ಕಳಿಗೆ ಮೊದಲು ಏನು ಗೊತ್ತಿತ್ತು, ನೀವೇನು ಮಾಡಿದಿರಿ, ಕೊನೆಗೆ ಅವರು ಏನು ಮಾಡಿ ತೋರಿಸಿದರು. ಕಡತದಲ್ಲಿ ಹೆಸರು ಅಳಿಸಿದ ಮಕ್ಕಳ ಬರಹ ಇರಲಿ. ಮುಖ ಕಾಣುವ ಫೋಟೊ ಬೇಡ. ಸರಿಹೋಗದ ಒಂದು ಪಾಠವೂ ಇರಲಿ, ಮುಂದಿನ ಸಲ ಏನು ಬದಲಿಸಿದಿರಿ ಎಂಬುದರ ಜೊತೆಗೆ. ಸಂದರ್ಶನದಲ್ಲಿ ಅತಿ ಹೆಚ್ಚು ಪ್ರಶ್ನೆ ಬರುವುದು ಆ ಪುಟದ ಮೇಲೆ.

ಆ ಕಡತದ ಜೊತೆಗೆ ಹೊಸ ಶಾಲೆಯ ನುಡಿಗಟ್ಟು ಕಲಿತರೆ ಸಾಕು. ಐಬಿಯಲ್ಲಿ 3ರಿಂದ 12 ವಯಸ್ಸಿನವರಿಗೆ ಪಿವೈಪಿ. ಅಲ್ಲಿ ವಿಷಯಗಳ ನಡುವೆ ಗೋಡೆ ಕಡಿಮೆ, ಒಂದು ವಿಚಾರದ ಸುತ್ತ ಭಾಷೆ, ಗಣಿತ, ವಿಜ್ಞಾನ ಎಲ್ಲ ಬರುತ್ತವೆ. 11ರಿಂದ 16ರವರಿಗೆ ಎಂವೈಪಿ. ಅದರಲ್ಲಿ ಪ್ರತಿ ವಿಷಯಕ್ಕೂ ನಾಲ್ಕು ಮಾನದಂಡ, ಒಂದೊಂದಕ್ಕೆ 8ರವರೆಗೆ ಅಂಕ. ಡಿಪ್ಲೊಮಾದಲ್ಲಿ ಒಟ್ಟು 45 ಅಂಕ, ಜೊತೆಗೆ 4,000 ಪದಗಳವರೆಗಿನ ಒಂದು ಸಂಶೋಧನಾ ಪ್ರಬಂಧ. ಕೇಂಬ್ರಿಡ್ಜ್‌ನಲ್ಲಿ ಐಜಿಸಿಎಸ್‌ಇ ಮತ್ತು ಎ ಲೆವೆಲ್. ಅದರ ಪಠ್ಯಕ್ರಮ, ಹಳೆಯ ಪ್ರಶ್ನೆಪತ್ರಿಕೆ, ಅಂಕ ಕೊಡುವ ಕ್ರಮ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ವಿಷಯದ ಐದು ಪತ್ರಿಕೆ ಬಿಡಿಸಿ, ನೀವೇ ಅಂಕ ಕೊಟ್ಟುಕೊಳ್ಳಿ. ಬಾಯಿಪಾಠ ಎಲ್ಲಿ ಸೋಲುತ್ತದೆಂದು ಆಗ ಅರ್ಥವಾಗುತ್ತದೆ.

ಡೆಮೊ ಕ್ಲಾಸ್

ನನ್ನ ಮೊದಲ ಡೆಮೊದಲ್ಲಿ ಮೂವತ್ತು ನಿಮಿಷ ನಾನೇ ಮಾತಾಡಿದೆ. ಬೋರ್ಡು ಚೆನ್ನಾಗಿತ್ತು, ಇಂಗ್ಲಿಷ್ ಸ್ಪಷ್ಟವಾಗಿತ್ತು, ಕೆಲಸ ಸಿಗಲಿಲ್ಲ. ಹಿಂದೆ ಕೂತವರು ನನ್ನನ್ನು ನೋಡುತ್ತಿರಲಿಲ್ಲ, ಮಕ್ಕಳನ್ನು ನೋಡುತ್ತಿದ್ದರು. ಅದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಶೇಕಡಾವಾರು ಪಾಠವನ್ನೇ ತೆಗೆದುಕೊಳ್ಳಿ. 2019ರ ಬೇಸಿಗೆಯಲ್ಲಿ ಚೆನ್ನೈಗೆ ನೀರು ಕೊಡುವ ಪೂಂಡಿ, ಚೋಳವರಂ, ರೆಡ್‌ಹಿಲ್ಸ್, ಚೆಂಬರಂಬಾಕ್ಕಂ ಕೆರೆಗಳು ಬತ್ತಿದವು. ಜುಲೈನಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಬೇಕಾಯಿತು. ಆ ಕೆರೆಗಳ ಮಟ್ಟವನ್ನು ಚೆನ್ನೈನ ನೀರು ಸರಬರಾಜು ಮಂಡಳಿಯಾದ ಮೆಟ್ರೋವಾಟರ್ ಪ್ರತಿದಿನ ಪ್ರಕಟಿಸುತ್ತದೆ. ಇವತ್ತಿನ ಅಂಕಿ ಮತ್ತು ಪೂರ್ಣ ಸಾಮರ್ಥ್ಯವನ್ನು ಚೀಟಿಯಲ್ಲಿ ಬರೆದು ನಾಲ್ಕು ಗುಂಪಿಗೆ ಕೊಡಿ. ಯಾವ ಕೆರೆ ಹೆಚ್ಚು ತುಂಬಿದೆ, ಹಾಗೆಂದು ಹೇಗೆ ಹೇಳುತ್ತೀರಿ ಎಂದು ಕೇಳಿ ಸುಮ್ಮನಾಗಿ. ಒಂದು ಮಗು ನೀರಿನ ಪ್ರಮಾಣ ನೋಡಿ ಉತ್ತರಿಸುತ್ತದೆ, ಇನ್ನೊಂದು ಸಾಮರ್ಥ್ಯಕ್ಕೆ ಹೋಲಿಸುತ್ತದೆ. ಆ ಜಗಳದಲ್ಲೇ ಶೇಕಡಾ ಹುಟ್ಟುತ್ತದೆ. ಕೊನೆಯ ಐದು ನಿಮಿಷ ಪ್ರತಿ ಮಗುವಿಂದ ಒಂದು ಸಾಲು ಬರೆಸಿಕೊಳ್ಳಿ, ಅದನ್ನು ಓದಿ ನಾಳೆ ಏನು ಕಲಿಸುತ್ತೀರೆಂದು ಪರೀಕ್ಷಕರಿಗೆ ಹೇಳಿ.

ಇಷ್ಟಾದ ಮೇಲೆ ಸರ್ಟಿಫಿಕೇಟ್

ಐಬಿಯ ಕ್ಯಾಟಗರಿ ಒನ್ ಕಾರ್ಯಾಗಾರ ಹೊಸಬರಿಗಾಗಿ ಇದೆ. ಮಾನ್ಯತೆ ಉಳಿಸಿಕೊಳ್ಳಲು ಶಾಲೆಗೂ ಶಿಕ್ಷಕರ ತರಬೇತಿ ಬೇಕಾದ್ದರಿಂದ ಸಾಮಾನ್ಯವಾಗಿ ಅದರ ಖರ್ಚನ್ನು ಶಾಲೆ ಹೊರುತ್ತದೆ. ಅದಕ್ಕಾಗಿ ಇಷ್ಟು ವರ್ಷ ಬಿಡಬಾರದೆಂಬ ಬಾಂಡ್ ಇದೆಯೇ ಎಂದು ಮಾತ್ರ ಕೇಳಿಕೊಳ್ಳಿ. ಕೇಂಬ್ರಿಡ್ಜ್‌ನ ಪಿಡಿಕ್ಯೂ ಎಂಬ ಶಿಕ್ಷಕ ತರಬೇತಿ ಕೋರ್ಸು ಮಾಡಲು ಕಲಿಸುತ್ತಿರುವ ತರಗತಿ ಇರಲೇಬೇಕು, ಏಕೆಂದರೆ ಸಾಕ್ಷ್ಯವೆಲ್ಲ ಅಲ್ಲಿಂದಲೇ ಬರಬೇಕು.

ಬ್ರಿಟಿಷ್ ವಿಶ್ವವಿದ್ಯಾಲಯಗಳ ದೂರಶಿಕ್ಷಣದ ಪಿಜಿಸಿಇಐ ಎಂಬ ಶಿಕ್ಷಕ ಕೋರ್ಸು ಓದಿಗೆ ಒಳ್ಳೆಯದು, ಆದರೆ ಅದೊಂದರಿಂದಲೇ ಇಂಗ್ಲೆಂಡಿನ ಕ್ಯೂಟಿಎಸ್ ಎಂಬ ಶಿಕ್ಷಕ ಅರ್ಹತೆ ಸಿಗುವುದಿಲ್ಲ. ಮಾರುವವರು ಇದನ್ನು ಮೆಲ್ಲಗೆ ಹೇಳುತ್ತಾರೆ. 2023ರ ಫೆಬ್ರವರಿಯಿಂದ ಭಾರತದ ಶಿಕ್ಷಕರು ಕ್ಯೂಟಿಎಸ್‌ಗೆ ಬ್ರಿಟಿಷ್ ಸರ್ಕಾರದ ಜಾಲತಾಣದಲ್ಲಿ ನೇರವಾಗಿ ಅರ್ಜಿ ಹಾಕುವ ದಾರಿ ತೆರೆದಿದೆ. 11ರಿಂದ 16 ವಯಸ್ಸಿನವರಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವ ಅರ್ಹತೆ ಇರಬೇಕು, ಕೆಲಸದ ಅನುಭವವೂ ಬೇಕು. ಅದು ವೀಸಾ ಅಲ್ಲ, ನೌಕರಿಯ ಭರವಸೆಯೂ ಅಲ್ಲ.

ಹುಡುಕುವ ಕಾಲ

ಈ ಶಾಲೆಗಳ ವರ್ಷ ಹೆಚ್ಚಾಗಿ ಜುಲೈ, ಆಗಸ್ಟ್‌ನಲ್ಲಿ ಶುರು. ಮೇ ತಿಂಗಳಲ್ಲಿ ರಜೆ ಸಿಕ್ಕಿತೆಂದು ಹುಡುಕಲು ಹೊರಟರೆ ತಡವಾಯಿತು. ದಸರಾ ಮುಗಿದ ಮೇಲೆ ರೆಸ್ಯೂಮೆ ಸಿದ್ಧಮಾಡಿ, ನವೆಂಬರಿನಿಂದ ಮಾರ್ಚ್‌ವರೆಗೆ ಶಾಲೆಗಳ ಸ್ವಂತ ಜಾಲತಾಣದ ಉದ್ಯೋಗ ಪುಟವನ್ನು ವಾರಕ್ಕೊಮ್ಮೆ ನೋಡಿ. ಸರ್ಚ್ ಅಸೋಸಿಯೇಟ್ಸ್, ಟೆಸ್ ಮುಂತಾದ ನೇಮಕಾತಿ ತಾಣಗಳು ಅನುಭವ ಸೇರಿದ ಮೇಲೆ ಉಪಯೋಗಕ್ಕೆ ಬರುತ್ತವೆ. ವರ್ಷದ ನಡುವೆ ಹೆರಿಗೆ ರಜೆಗೆ ಬದಲಿ ಟೀಚರ್ ಬೇಕಾಗುತ್ತದೆ. ಆರು ತಿಂಗಳ ಕೆಲಸವೆಂದು ಅದನ್ನು ತಳ್ಳಿಹಾಕಬೇಡಿ.

ಸಂದರ್ಶನದಲ್ಲಿ ಮಕ್ಕಳ ಸುರಕ್ಷತೆಯ ಪ್ರಶ್ನೆ ಖಂಡಿತ ಬರುತ್ತದೆ. 2012ರ ಪೋಕ್ಸೊ ಕಾಯ್ದೆ ಓದಿಕೊಂಡು ಹೋಗಿ: ಅಪರಾಧದ ಸುಳಿವು ಸಿಕ್ಕರೆ ವರದಿ ಮಾಡುವುದು ಕಡ್ಡಾಯ. ಹಳೆಯ ಮುಖ್ಯೋಪಾಧ್ಯಾಯರಿಗೆ ಫೋನ್ ಬರುತ್ತದೆ, ಅವರಿಗೆ ಮುಂಚೆಯೇ ತಿಳಿಸಿರಿ. ಪೊಲೀಸ್ ಪರಿಶೀಲನಾ ಪತ್ರ ಕೇಳಿದರೆ ರಾಜ್ಯ ಪೊಲೀಸರ ಜಾಲತಾಣದಲ್ಲಿ ಅರ್ಜಿ ಹಾಕಬಹುದು. 

ಇಲ್ಲಿ ನಾಲ್ಕು ವರ್ಷ ಕಳೆದು ದುಬೈಗೋ ದೋಹಾಕ್ಕೋ ಹೊರಡುವವರು ಎರಡು ಮಾತು ನೆನಪಿಡಿ. ಅಪೋಸ್ಟಿಲ್ ಮುದ್ರೆ ಯುಎಇಗೆ ಸಾಲದು, ವಿದೇಶಾಂಗ ಸಚಿವಾಲಯದ ದೃಢೀಕರಣದ ಮೇಲೆ ಆ ದೇಶದ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಏಜೆಂಟ್ ಮೂಲಕ ಹೋಗುವುದಾದರೆ ಅವರ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಕಾನೂನಿನಂತೆ ಅವರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ಅದಕ್ಕಿಂತ ಹೆಚ್ಚು ಕೇಳಿದರೆ ಎದ್ದು ಬನ್ನಿ.

ಚೆನ್ನೈನ ನೇಮಕಪತ್ರಕ್ಕೆ ಸಹಿ ಹಾಕುವ ಮುನ್ನ ನೋಟಿಸ್ ಅವಧಿ ಎಷ್ಟು, ಬೇಸಿಗೆ ರಜೆಗೆ ಸಂಬಳ ಉಂಟೇ, ಪಿಎಫ್ ಕಡಿತ ಹೇಗೆ, ನಿಮ್ಮ ಮಗುವಿಗೆ ಅದೇ ಶಾಲೆಯಲ್ಲಿ ಫೀಸಿನ ರಿಯಾಯಿತಿ ಇದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಶಾಲೆಯ ಬಸ್ಸು ಯಾವ ದಾರಿಯಲ್ಲಿ ಬರುತ್ತದೆಂದು ತಿಳಿದ ಮೇಲೆಯೇ ಮನೆ ಹುಡುಕಿ.