ಬೀರುವಿನಲ್ಲಿರುವ ಮಾತ್ರೆ

ಪ್ರಶ್ನೆ: ಮಗಳಿಗೆ ಹದಿನಾರು, ಮೊದಲ ಪಿಯುಸಿ. ನಾಲ್ಕು ತಿಂಗಳಿಂದ ಮಂಕಾಗಿದ್ದಾಳೆ, ಊಟ ನಿದ್ದೆ ಎರಡೂ ಸರಿಯಿಲ್ಲ. ಮನೋವೈದ್ಯರು ಖಿನ್ನತೆ ಎಂದು ಹೇಳಿ ಫ್ಲೂಆಕ್ಸೆಟಿನ್ 10 ಎಂ.ಜಿ. ಬರೆದುಕೊಟ್ಟರು. ಈ ಮಾತ್ರೆಯಿಂದಲೇ ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಬರುತ್ತದೆಂದು ಮೊಬೈಲಿನಲ್ಲಿ ಓದಿ ಹೆದರಿ, ವಾರದಿಂದ ಬೀರುವಿನಲ್ಲೇ ಇಟ್ಟಿದ್ದೇನೆ. ಕೊಡಲೇ, ಬೇಡವೇ?
– ಹೆಸರು ಬೇಡ, ಹಾಸನ

ಉತ್ತರ: ನೀವು ಓದಿದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಖಿನ್ನತೆಯ ಮಾತ್ರೆಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. 2007ರಲ್ಲಿ ಅದನ್ನು 24 ವರ್ಷದವರೆಗಿನವರಿಗೂ ವಿಸ್ತರಿಸಿತು. ಮೊದಲ ಎಚ್ಚರಿಕೆಗೆ ಆಧಾರವಾದದ್ದು 24 ಪ್ರಯೋಗಗಳು, 4,400ಕ್ಕೂ ಹೆಚ್ಚು ಮಕ್ಕಳು. ಔಷಧವಿಲ್ಲದ ಹುಸಿಗುಳಿಗೆ ನುಂಗಿದ ನೂರರಲ್ಲಿ ಇಬ್ಬರಿಗೆ ಸಾಯುವ ಯೋಚನೆಯೋ ಅಂಥ ಪ್ರಯತ್ನವೋ ಕಂಡರೆ, ನಿಜವಾದ ಔಷಧ ತೆಗೆದುಕೊಂಡವರಲ್ಲಿ ನಾಲ್ವರಿಗೆ ಕಂಡಿತು. ಆ ಪ್ರಯೋಗಗಳಲ್ಲಿ ಯಾರೂ ಆತ್ಮಹತ್ಯೆ ಮಾಡಿಕೊಳ್ಳಲಿಲ್ಲ. ಆ ಇಬ್ಬರನ್ನೂ ಮರೆಯಬೇಡಿ: ಮಾತ್ರೆ ಮುಟ್ಟದವರಲ್ಲೂ ಆ ಯೋಚನೆ ಇತ್ತು, ಖಿನ್ನತೆಯೇ ಅದನ್ನು ತರುತ್ತದೆ.

ಅದೇ 2004ರಲ್ಲಿ ಹದಿಹರೆಯದ 439 ಮಂದಿಯ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಹನ್ನೆರಡು ವಾರ ಕಳೆದಾಗ ಹುಸಿಗುಳಿಗೆಯವರಲ್ಲಿ ಶೇ. 35ರಷ್ಟು, ಫ್ಲೂಆಕ್ಸೆಟಿನ್ ಪಡೆದವರಲ್ಲಿ ಶೇ. 61ರಷ್ಟು, ಮಾತ್ರೆಯ ಜತೆ ಮಾತಿನ ಚಿಕಿತ್ಸೆಯನ್ನೂ ಪಡೆದವರಲ್ಲಿ ಶೇ. 71ರಷ್ಟು ಮಂದಿ ಸುಧಾರಿಸಿದ್ದರು. ಆಪ್ತಸಮಾಲೋಚನೆಯ ಮಾತು ಡಾಕ್ಟರು ಎತ್ತದಿದ್ದರೆ ನೀವೇ ಎತ್ತಿ.

ಎಲ್ಲ ಮಾತ್ರೆಯೂ ಒಂದೇ ಅಲ್ಲ. ಪ್ಯಾರೊಕ್ಸೆಟಿನ್ ಹದಿಹರೆಯದವರಿಗೆ ಒಳ್ಳೆಯದೆಂದು 2001ರಲ್ಲಿ ಪ್ರಬಂಧವೊಂದು ಬಂದಿತ್ತು. ಅದೇ ಪ್ರಯೋಗದ ಮೂಲ ದಾಖಲೆಗಳನ್ನು ಬೇರೆಯವರು ಮತ್ತೆ ಜಾಲಾಡಿ 2015ರಲ್ಲಿ ಪ್ರಕಟಿಸಿದಾಗ, ಅದು ಗುಣಕಾರಿಯೂ ಅಲ್ಲ, ಸುರಕ್ಷಿತವೂ ಅಲ್ಲ ಎಂದಾಯಿತು. ಹಾಗಾಗಿ ನಿಮ್ಮ ಅನುಮಾನವನ್ನು ನಾನು ತಪ್ಪೆನ್ನುವುದಿಲ್ಲ. ಫ್ಲೂಆಕ್ಸೆಟಿನ್ ಮಾತ್ರ ಈ ವಯಸ್ಸಿನಲ್ಲಿ ಹೆಚ್ಚು ಪರೀಕ್ಷೆಗೊಳಗಾಗಿ ನಿಂತ ಔಷಧ.

ಮೊದಲ ಕೆಲವು ವಾರ ಕಣ್ಣಿಡಬೇಕು. ಮನಸ್ಸು ಹಗುರಾಗಲು ನಾಲ್ಕಾರು ವಾರ ಬೇಕು. ಚಡಪಡಿಕೆ, ನಿದ್ದೆಗೇಡು, ಸಿಡಿಮಿಡಿ ಅದಕ್ಕೂ ಮುಂಚೆ ಶುರುವಾಗಬಹುದು. ಕೂತಲ್ಲಿ ಕೂರಲಾರದಂತಾದರೆ, ನಿದ್ದೆಯಿಲ್ಲದೆಯೂ ವಿಪರೀತ ಹುರುಪು, ಮಾತು ಬಂದರೆ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅವತ್ತೇ ಫೋನ್ ಮಾಡಿ. ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ. ಮಾತ್ರೆಗಳೆಲ್ಲ ನಿಮ್ಮ ಸುಪರ್ದಿಯಲ್ಲೇ ಇರಲಿ, ದಿನದ್ದು ದಿನ ಕೊಡಿ. ಮನೆಯ ಉಳಿದ ಮಾತ್ರೆ, ಕೀಟನಾಶಕಗಳಿಗೂ ಬೀಗ ಬೀಳಲಿ.

ಮತ್ತೆ, ಕೇಳಿ. ಜಡೆ ಹಾಕುವಾಗಲೋ, ಅವಳ ಪಕ್ಕ ಮಲಗಿದಾಗಲೋ, ‘ಸಾಯ್ಬೇಕು ಅನ್ಸುತ್ತೇನೇ ಪುಟ್ಟಿ?’ ಎಂದು ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಬೇಡ. ಹಾಗಾಗುವುದಿಲ್ಲ. ಹೌದೆಂದರೆ ಬೈಯಬೇಡಿ, ಒಂಟಿಯಾಗಿ ಬಿಡಬೇಡಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಾಳೆ ಬೆಳಗ್ಗೆಯೇ ಡಾಕ್ಟರಿಗೆ ಫೋನ್ ಮಾಡಿ, ವಾರದಿಂದ ಕೊಟ್ಟಿಲ್ಲವೆಂದು ಸಂಕೋಚವಿಲ್ಲದೆ ಹೇಳಿ. ಅವರು ಸರಿ ಎಂದರೆ ಶುರುಮಾಡಿ. ನಡುರಾತ್ರಿ ದಿಗಿಲಾದರೆ ಟೆಲಿ ಮಾನಸ್ ಸಹಾಯವಾಣಿ ಇದೆ: 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.